ಉತ್ತರಾಣಿ ಮತ್ತು ಮೂರು ತಟ್ಟೆ

ಬಳ್ಳಾರಿ
೧೧ ಡಿಸೆಂಬರ್ ೨೦೨೪, ಬುಧವಾರ

ಪ್ರೀತಿಯ ಅಪ್ಪಾ,

ಸಿರುಗುಪ್ಪದ ಅಕ್ಕಿ ಮಿಲ್ಲಿನ ಧೂಳಿಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ತಾನೆ? ಮೂಗಿಗೆ ಟವೆಲ್ ಕಟ್ಟಿಕೊಳ್ಳುತ್ತೀಯೋ, ಸುಮ್ಮನೆ ಹೆಗಲ ಮೇಲೆ ಹಾಕಿಕೊಂಡು ತಿರುಗುತ್ತೀಯೋ? ಕುರುಗೋಡಿನಲ್ಲಿ ಅವ್ವ ಆರಾಮಾಗಿದ್ದಾಳೆ. ಫೋನಿನಲ್ಲಿ ನೀನು ನನ್ನ ಮಾತು ಮುಗಿಸಲು ಬಿಡುವುದಿಲ್ಲ, ಅದಕ್ಕೇ ಬರೆದು, ಇಲ್ಲಿಗೆ ಬಂದಿರುವ ನಿಮ್ಮ ಮಿಲ್ಲಿನ ದುರ್ಗೇಶಣ್ಣನ ಕೈಲಿ ಕಳಿಸುತ್ತಿದ್ದೇನೆ. ಅವನು ಓದಿ ಹೇಳುವಾಗ ನಡುವೆ ಬಾಯಿ ಹಾಕಬೇಡ.

ನಮ್ಮೂರ ಹೊಲದ ಬದುವಿನಿಂದ ನೀನು ಚೀಲ ತುಂಬ ಕಿತ್ತು ತಂದಿದ್ದ ಉತ್ತರಾಣಿ ಸೊಪ್ಪನ್ನು ನನ್ನ ಪಿಎಚ್‌ಡಿ ಕೆಲಸಕ್ಕೆ ಲ್ಯಾಬಿನಲ್ಲಿ ಕುದಿಸಿ, ಸೋಸಿ, ಬೆಳ್ಳಿಯ ಉಪ್ಪು ಕರಗಿಸಿದ ನೀರಿಗೆ ಬೆರೆಸಿದೆ. ತಿಳಿಯಾಗಿದ್ದ ನೀರು ಮಧ್ಯಾಹ್ನದೊಳಗೆ ಕಪ್ಪು ಚಹಾದ ಬಣ್ಣಕ್ಕೆ ತಿರುಗಿತು. ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣಗಳು ಹುಟ್ಟಿದ್ದವು. ಸೊಪ್ಪು ಮಾಡಿದ ಈ ಕೆಲಸ ನಿಜ. ಗಾಯಕ್ಕೆ ಕೀವು ತರಿಸುವ ಕ್ರಿಮಿ ಬೆಳೆಸಿದ ತಟ್ಟೆಗೆ ಅದನ್ನು ಬಿಟ್ಟಾಗ ಸುತ್ತಲೂ ಕ್ರಿಮಿ ಸತ್ತು ಉಂಗುರದಂತೆ ತಿಳಿಯಾಯಿತು. ಖುಷಿಗೆ ಅಲ್ಲಿಂದಲೇ ನಿನಗೆ ಫೋನ್ ಮಾಡಿದೆ. ಉತ್ತರಾಣಿ ಕೀವಿನ ಕ್ರಿಮಿ ಕೊಲ್ಲುತ್ತದೆ ಎಂದು ನೀನು ಇಡೀ ಮಿಲ್ಲಿಗೆ ಹೇಳಿಕೊಂಡು ಬಂದೆ.

ಆದರೆ ನಾನು ಇನ್ನೆರಡು ತಟ್ಟೆ ಇಟ್ಟಿದ್ದೆ. ಬರೀ ಸೊಪ್ಪಿನ ಕಷಾಯ ಬಿಟ್ಟಿದ್ದರಲ್ಲಿ ಕ್ರಿಮಿಗಳಿಗೆ ಏನೂ ಆಗಿರಲಿಲ್ಲ. ಬರೀ ಬೆಳ್ಳಿಯ ಉಪ್ಪು ಬಿಟ್ಟಿದ್ದರಲ್ಲಿ ಮೊದಲಿನಷ್ಟೇ ಅಗಲದ ಉಂಗುರ. ಕೊಂದದ್ದು ಬೆಳ್ಳಿ, ಸೊಪ್ಪಲ್ಲ. ಗೈಡ್ ಸರ್ ನೋಡಿ, “ಆ ಎರಡು ಪ್ಲೇಟ್ ಬಿಟ್ಟು ಬರಿಯವ್ವ. ಎಲ್ಲಾರೂ ಹಿಂಗ ಬರೀತಾರ,” ಎಂದರು. ಬಿಡುವುದಿಲ್ಲ ಎಂದೆ. “ಸೊಪ್ಪು ಕೀಳೋರ ಮಗಳು ನನಗ ವಿಜ್ಞಾನ ಹೇಳಾಕ ಬಂದೀಯೇನು?” ಎಂದರು. “ಹೌದ್ರಿ ಸರ್, ಸೊಪ್ಪು ಕಿತ್ತು ತಂದಾವ ನಮ್ಮಪ್ಪನ. ಮೂರೂ ಬರೀತೀನಿ,” ಎಂದೆ.

ಹೊರಗೆ ನಲ್ಲಿಯ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ. ಆಮೇಲೆ ಮುಖ ತೊಳೆದುಕೊಂಡು ಬಂದು ಅದನ್ನೇ ಮತ್ತೆ ಮೂರು ಸಲ ಮಾಡಿದೆ. ಮೂರು ಸಲವೂ ಅದೇ ಉತ್ತರ. ಬೇರೆ ಗೈಡ್ ಹುಡುಕಿಕೋ ಎಂದು ಸರ್ ಕೈತೊಳೆದುಕೊಂಡರು. ನಾನು ಯೂನಿವರ್ಸಿಟಿಯ ಸಂಶೋಧನಾ ಸಮಿತಿಗೆ ಅರ್ಜಿ ಬರೆದೆ. ಮೊನ್ನೆ ಸೋಮವಾರ ಸಮಿತಿಯ ಶ್ರೀಕೃತಿ ಮೇಡಂ ತಟ್ಟೆಗಳನ್ನು ತರಿಸಿ, ಸ್ಕೇಲಿಟ್ಟು ತಾವೇ ಅಳೆದರು. “ಈಕಿ ನನ್ನ ಹತ್ರ ಮುಂದುವರೀಲಿ,” ಎಂದರು. ಪಿಎಚ್‌ಡಿ ಒಂದು ವರ್ಷ ತಡವಾಗುತ್ತದೆ ಅಪ್ಪ. ಆಗಲಿ. ಮುಚ್ಚಿಟ್ಟು ಪಡೆದ ಡಾಕ್ಟರ್ ಪಟ್ಟ ನನಗೆ ಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು. ಮಿಲ್ಲಿನವರಿಗೆಲ್ಲ ನನ್ನ ಜೈಭೀಮ್ ಹೇಳು.

ನಿನ್ನ ಮಗಳು
ನೇತ್ರಾ

ತಾ.ಕ.: ದುರ್ಗೇಶಣ್ಣ ಬಸ್ಸಿಗೆ ಹೊರಟು ನಿಂತವನು ಈಗ ಹೇಳಿದ. ಮಿಲ್ಲಿನ ಜಡೆಮ್ಮತ್ತೆ ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣಿಗೆ ಹದಿನೈದು ದಿನದಿಂದ ಉತ್ತರಾಣಿ ಅರೆದು ಕಟ್ಟುತ್ತಿದ್ದಾಳಂತೆ, ಬೆರಳು ಕಪ್ಪಾಗಿದೆಯಂತೆ. ಫೋನ್ ಮಾಡಿದೆ, ಮಿಲ್ಲಿನ ಸದ್ದಿಗೆ ನೀನು ಎತ್ತಲಿಲ್ಲ, ಅದಕ್ಕೇ ಇಲ್ಲೇ ಬರೆಯುತ್ತಿದ್ದೇನೆ. ಕೆಲಸ ಬಿಟ್ಟು ಇವತ್ತೇ ಅವಳನ್ನು ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಬಾ, ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿರುತ್ತೇನೆ. ಯಾರಾದರೂ ಕೇಳಿದರೆ ನೀನು ತಲೆ ತಗ್ಗಿಸಬೇಡ. ಉಳಿದೆರಡು ತಟ್ಟೆ ನೋಡುವ ಮೊದಲೇ ಫೋನ್ ಮಾಡಿದವಳು ನಾನು. ಅವಳಿಗೂ, ಮಿಲ್ಲಿಗೂ ಅದನ್ನು ನಾನೇ ಹೇಳುತ್ತೇನೆ.