ಒಂಟೆ ಬಂತು

ಅಪ್ಪಾ,

ಈಗ ಸಂಜೆ ಆರು ಗಂಟೆ. ನೀನು ಹೋದ ಮೇಲೆ ಮೊದಲ ಸಲ, ಸಮುದ್ರದ ಹತ್ತಿರದ ಅದೇ ಬಯಲಿನಲ್ಲಿ ಇವತ್ತು ನಮ್ಮ ಹಳೇ ಟೆಂಟು ಹಾಕಿದೆವು. ಅಮ್ಮ, ತಮ್ಮ, ನಾನು, ಮೂರೇ ಜನ.

ಬಂದು ಒಂದು ಗಂಟೆಯಾದರೂ ಅಮ್ಮ ಕಾರಿನಿಂದ ಇಳಿಯಲಿಲ್ಲ. "ನೀವು ಹಾಕ್ರಪ್ಪಾ, ನಂಗೆ ಇಲ್ಲೇ ಸರಿ" ಅಂದಳು. ಕರೆದುಕೊಂಡು ಬಂದದ್ದೇ ತಪ್ಪಾಯಿತೇನೋ ಅನ್ನಿಸಿತು.

ಟೆಂಟಿನ ಕೋಲುಗಳಿಗೆ ಅಮ್ಮನ ಉಗುರು ಬಣ್ಣದಿಂದ ಗೆರೆ ಹಾಕಿದ್ದೆಯಲ್ಲ, ಒಂದನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು. ನಾಲ್ಕನೆಯದಕ್ಕೂ ಮೂರೇ ಗೆರೆ ಹಾಕಿ, ಪ್ರತಿ ವರ್ಷ ನೀನೇ ಮೋಸಹೋಗುತ್ತಿದ್ದೆ. ಇವತ್ತು ನಾನೂ ಕೋಲು ಅದಲು ಬದಲು ಮಾಡಿದೆ. ಥೇಟ್ ನೀನು ಹಾಕಿದಾಗಿನಂತೆಯೇ ಟೆಂಟು ಡುಬ್ಬ ಎತ್ತಿ ನಿಂತಿತು.

ಕಾರಿನ ಬಾಗಿಲು ತೆರೆಯಿತು. "ಬಂತು ನೋಡು ಒಂಟೆ! ಅಪ್ಪನ ಮಗಳೇ ಕಣೇ ನೀನು" ಎಂದು ಅಮ್ಮ ನಗುತ್ತಾ ಇಳಿದು ಬಂದಳು. ತಮ್ಮ ಕೋಲು ಬದಲಿಸಲು ಹೋದರೆ, "ಸುಮ್ನಿರೋ, ಹಂಗೇ ಇರ್ಲಿ" ಎಂದು ಗದರಿದಳು. ಈಗ ಅದರೊಳಗೇ ಕೂತು ಟೀ ಕುಡಿಯುತ್ತಿದ್ದಾಳೆ.

ಹೋದ ವರ್ಷ ನೀನು ಟೆಂಟು ಹೊರತೆಗೆದಾಗ, "ಈ ವಯಸ್ಸಲ್ಲಿ ನೆಲದ ಮೇಲೆ ಯಾಕಪ್ಪಾ, ರೂಮ್ ಮಾಡೋಣ" ಅಂದಿದ್ದೆ ನಾನು. "ಆಯ್ತು ಬಿಡಮ್ಮಾ" ಎಂದು ನೀನು ಮತ್ತೆ ಮಡಚಿಟ್ಟೆ. ಎಷ್ಟು ಜೋಪಾನವಾಗಿ ಮಡಚಿಟ್ಟಿದ್ದೆ ಅಂದರೆ, ಇವತ್ತು ಬಿಚ್ಚಿದಾಗ ಒಂದು ಹಗ್ಗವೂ ಸಿಕ್ಕಾಗಿರಲಿಲ್ಲ. ಅದಕ್ಕೂ, ಆ ನಾಲ್ಕನೆಯ ಗೆರೆ ಮರೆತದ್ದಕ್ಕೂ ನಿನಗೊಂದು ನಮಸ್ಕಾರ ಅಪ್ಪಾ.

ನಾಳೆ ಬೆಳಿಗ್ಗೆ ಹತ್ತಕ್ಕೆ ಜಾಗ ಖಾಲಿ ಮಾಡಬೇಕು. ಮಡಚುವ ಕೆಲಸ ನನ್ನದು.