ಪಾಯಿಂಟ್ಸ್ ಜೊತೆ ಬಂದ ಬಿಲ್ಲು

ಗಿರಿನಗರ, ಶುಕ್ರವಾರ

ಮೇಲ್ಮನೆ ಶಾಲಿನಿಗೆ,

ಫೋನ್ ಯಜಮಾನರ ಕೈಲಿದೆ, ಅದಕ್ಕೇ ಈ ಚೀಟಿ. ಪಾಯಿಂಟ್ಸ್ ಓನರ್ ಆಂಟಿಗೇ ಸೇರಲಿ ಅಂತ ಸೂಪರ್‌ಮಾರ್ಕೆಟ್ಟಲ್ಲಿ ನನ್ನ ನಂಬರ್ ಕೊಡ್ತೀಯಲ್ಲ, ಸಂತೋಷ. ಅದರಲ್ಲೇ ನನಗೊಂದು ಇಡ್ಲಿ ಕುಕ್ಕರ್ ಬಂತು. ಆದರೆ ನಿನ್ನ ಬಿಲ್ಲೂ ನನ್ನ ಫೋನಿಗೇ ಬರುತ್ತೆ ಕಣಮ್ಮ. ವಾರವಾರ ಮೊಟ್ಟೆ! ನಾನು ನೋಡಿಯೂ ಸುಮ್ಮನಿದ್ದೆ.

ನಿನ್ನೆ ಅದು ಯಜಮಾನರ ಕಣ್ಣಿಗೆ ಬಿತ್ತು. "ನಮ್ಮನೇಲಿ ಮೊಟ್ಟೆ ಯಾರು ತಂದಿದ್ದು? ಮೇಲಿನವರಾದ್ರೆ ಇವತ್ತೇ ಖಾಲಿ ಮಾಡಿಸ್ತೀನಿ" ಅಂತ ಎದ್ದರು. "ನಾನೇ ಕಣ್ರೀ, ತಲೆಗೆ ಹಚ್ಕೊಳ್ಳೋಕೆ" ಅಂದುಬಿಟ್ಟೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ಇನ್ಮೇಲೆ ನಿನ್ನ ನಂಬರೇ ಕೊಡು. ಭಾನುವಾರ ಬೆಳಿಗ್ಗೆ ಅವರು ವರಾಂಡದಲ್ಲಿ ಪೇಪರ್ ಓದ್ತಿರ್ತಾರೆ. ಎರಡು ಮೊಟ್ಟೆ ಮುಚ್ಚಿಟ್ಕೊಂಡು ಹಿತ್ತಲ ಬಾಗಿಲಿಂದ ಬಾ, ನಾನೇ ತಂದದ್ದು ಅನ್ನೋ ಹಾಗೆ ಅವರೆದುರಿಗೇ ನನ್ನ ತಲೆಗೆ ಹಚ್ಚು. ಆ ವಾಸನೆ ನಾನು ಹೇಗೋ ತಡ್ಕೊಳ್ತೀನಿ.

ನಿನ್ನ ಓನರ್ ಆಂಟಿ,
ಗಿರಿಜಾದೇವಿ