ಪುಷ್‌ಚೇರ್ ಮನೆಯಲ್ಲೇ ಇದೆ

ಮಾಳವಿಕಾ,

ನೈಟ್ ಶಿಫ್ಟ್ ಮುಗಿಸಿ ಮಲಗಿದ್ದೀಯೆಂದು ಎಬ್ಬಿಸಲಿಲ್ಲ. ಮಗುವನ್ನು ಕೂರಿಸಿ ತಳ್ಳುವ ಪುಷ್‌ಚೇರ್ ಇಲ್ಲೇ ಇದೆ, ಮಗು ಎಲ್ಲಿ ಎಂದು ಗಾಬರಿಯಾಗಬೇಡ. "ಐ ಕ್ಯಾನ್ ವಾಕ್, ಅಜ್ಜಿ" ಎಂದಳು ನಿನ್ನ ಮಗಳು. ರೌಂಡ್‌ಹೇ ಪಾರ್ಕಿನ ಕೆರೆಯವರೆಗೆ ನಡೆದೇ ಹೋಗುತ್ತಿದ್ದೇವೆ. ಹೋದ ಚಳಿಗಾಲದಲ್ಲಿ ಮೆಟ್ಟಿಲು ಹತ್ತಲೂ ಎತ್ತಿಕೋ ಎನ್ನುತ್ತಿದ್ದ ಮಗು!

ಮಧ್ಯಾಹ್ನದ ಕಾರ್ನಿಟೀನ್ ಸಿರಪ್ ಕುಡಿಸಿದ್ದೇನೆ. ಬಾಟಲಿ ಮುಗಿಯುತ್ತಾ ಬಂತು, ಇವತ್ತೇ ತಂದಿಡು. ಏಕಾದಶಿಯಾದರೂ ಅವಳ ಜೊತೆ ಕೂತು ಅನ್ನ ಉಂಡೆ. ನಾನು ಉಪವಾಸವಿದ್ದರೆ ಅವಳೂ ಒಲ್ಲೆ ಎನ್ನುತ್ತಾಳೆ, ಅವಳು ಹಸಿದಿರಬಾರದಲ್ಲ. ದೇವರಿಗೆ ಅರ್ಥವಾಗುತ್ತದೆ.

ನಾಲ್ಕು ಗಂಟೆಗೆ ಕನ್ನಡ ಸಂಘದ ಚಂದ್ರಪ್ರಭಾ ಬರುತ್ತಾಳೆ. "ನಿಮ್ಮ ಸೊಪ್ಪುಸಾರು ತಿಂದೇ ಮಗು ಹೀಗೆ ಸೊರಗಿದೆ, ಮಾಂಸ ಕೊಡಿ" ಎಂದಿದ್ದಳಲ್ಲ, ನಾನು ಮರೆತಿಲ್ಲ. ಸ್ನಾಯುಗಳಿಗೆ ಬಲ ಕೊಡುವ ಕಾರ್ನಿಟೀನು ಮಾಂಸದಲ್ಲಿ ಹೆಚ್ಚಿದ್ದರೂ ನಮ್ಮಂಥವರ ಮೈ ಅದನ್ನು ತಾನೇ ಮಾಡಿಕೊಳ್ಳುತ್ತದೆ, ನಮ್ಮ ಮಗುವಿನ ಮೈಯಲ್ಲಿ ಮಾತ್ರ ಅದು ನಿಲ್ಲದೆ ಸೋರಿಹೋಗುತ್ತದೆ, ಅದಕ್ಕೇ ಸಿರಪ್ ಬೇಕು, ಅಡಿಗೆಯ ತಪ್ಪಲ್ಲ ಎಂದು ಡಾಕ್ಟರು ಹೇಳಿದ್ದನ್ನೆಲ್ಲ ಅವಳ ಮುಂದೆ ಬಿಚ್ಚಬೇಡ. ಡಬ್ಬಿಯಲ್ಲಿ ಚಕ್ಕುಲಿ ಇದೆ, ನೀನೂ ತಿನ್ನು. ಕಾಫಿ ಕೊಟ್ಟು ಅವಳನ್ನು ಕಿಟಕಿಯ ಪಕ್ಕದಲ್ಲೇ ಕೂರಿಸು.

ಅಷ್ಟೊತ್ತಿಗೆ ನಾವಿಬ್ಬರೂ ಬೀದಿಯ ತುದಿಯಿಂದ ನಡೆದು ಬರುತ್ತೇವೆ.

ಅತ್ತೆ